ಹೊಸ ಪ್ರಭೇದಕ್ಕೆ ಸಾಕ್ಷ್ಯವಾವುದು?: ಸಿಹಿನೀರಿನ ಡಯಾಟಮುಗಳ ನಿರ್ಣಯಕ್ರಮವನ್ನು ಕುರಿತು ಒಂದು ವಿಮರ್ಶೆ

೧

ಒಂದು ಜೀವಿಯನ್ನು ‘ಹೊಸ ಪ್ರಭೇದ’ವೆಂದು ಸಾರುವ ವಾಕ್ಯ ವಿಜ್ಞಾನದ ವಾಕ್ಯವಾಗಿರುವಂತೆಯೇ ಇತಿಹಾಸದ ವಾಕ್ಯವೂ ಆಗಿದೆ. ಇಂಥವರು, ಇಂಥ ವರ್ಷದಲ್ಲಿ, ಇಂಥ ಊರಿನ ನೀರಿನಲ್ಲಿ, ಅದುವರೆಗೆ ಯಾರೂ ಹೆಸರಿಸದಿದ್ದ ಜೀವಿಯೊಂದನ್ನು ಕಂಡರೆಂಬುದು ಅದರ ತಾತ್ಪರ್ಯ. ಇಂಥ ಹೇಳಿಕೆಗೆ ಸಾಕ್ಷ್ಯ ಬೇಕು. ಆ ಸಾಕ್ಷ್ಯವನ್ನು ಮುಂದಿನವರು ತೆರೆದು ನೋಡುವಂತಿರಬೇಕು. ಇತಿಹಾಸದ ಅಧ್ಯಾಪಕರಾದ ನಾವು ಸಸ್ಯಶಾಸ್ತ್ರಕ್ಕೆ ಸೇರಿದ ವಿಷಯವೊಂದನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಈ ಒಂದು ಅಧಿಕಾರದಿಂದ ಮಾತ್ರ. ಸೂಕ್ಷ್ಮದರ್ಶಕದ ಕೌಶಲವನ್ನು ತೂಗುವುದು ನಮ್ಮ ಕೆಲಸವಲ್ಲ. ಸಾಕ್ಷ್ಯವನ್ನು ತೂಗುವುದು ನಮ್ಮ ನಿತ್ಯದ ಕೆಲಸ.

ಸಿಹಿನೀರಿನ ಡಯಾಟಮುಗಳನ್ನು ಗುರುತಿಸುವ ವಿಷಯದಲ್ಲಿ ಇಂದು ಎರಡು ಪಕ್ಷಗಳಿವೆ. ಜೀವಿಯ ಚಿಪ್ಪಿನ ಆಕಾರವನ್ನೂ ಗೆರೆಗಳನ್ನೂ ಅಳೆದು ನಿರ್ಣಯಿಸುವುದು ಹಳೆಯ ಕ್ರಮ. ಕೋಶದೊಳಗಿನ ವಂಶವಾಹಿಯನ್ನು ಓದಿ ನಿರ್ಣಯಿಸುವುದು ಹೊಸ ಕ್ರಮ. ಹೊಸದು ಬಂದಮೇಲೆ ಹಳೆಯದು ನಿರರ್ಥಕವಾಯಿತೆಂದು ಕೆಲವರೂ, ಹಳೆಯದೇ ಸಾಕೆಂದು ಕೆಲವರೂ ವಾದಿಸುವುದುಂಟು. ಈ ಎರಡು ವಾದಗಳೂ ಒಂದು ಮುಖ್ಯ ಸಂಗತಿಯನ್ನು ಮರೆತಿವೆಯೆಂದು ನಮ್ಮ ಅಭಿಪ್ರಾಯ. ರೂಪ ಒಂದು ಸಾಕ್ಷಿ, ವಂಶವಾಹಿ ಇನ್ನೊಂದು ಸಾಕ್ಷಿ. ಇವೆರಡನ್ನೂ ಒಂದೇ ಹೆಸರಿಗೆ ಕಟ್ಟಿ ನಿಲ್ಲಿಸುವುದು ಮೂರನೆಯದು. ಅದೇ ಊರು, ದಿನಾಂಕಗಳ ಬರಹದೊಡನೆ ಕಾದಿಟ್ಟ ಮಾದರಿ. ಈ ಮೂರನೆಯದು ಇಲ್ಲದಿದ್ದಲ್ಲಿ ಮೊದಲಿನ ಎರಡೂ ಎಷ್ಟೇ ಸೂಕ್ಷ್ಮವಾಗಿದ್ದರೂ ಪರೀಕ್ಷೆಗೆ ನಿಲ್ಲಲಾರವು. ಶರಾವತಿ ಕಣಿವೆಯ ಒಂದು ನಿದರ್ಶನದಿಂದ ಇದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ವಿಷಯ ಅಪರಿಚಿತವಾದ ವಿದ್ಯಾರ್ಥಿಗಳಿಗಾಗಿ ಕೆಲವು ಮಾತುಗಳನ್ನು ಮೊದಲು ಹೇಳಬೇಕಾಗಿದೆ. ಡಯಾಟಮ್ ಒಂದೇ ಕೋಶದ ಪಾಚಿ. ಕೆರೆಯ ಕಲ್ಲನ್ನು ಮುಟ್ಟಿದರೆ ಬೆರಳಿಗೆ ಹತ್ತುವ ಕಂದು ಲೋಳೆಯಲ್ಲಿ ಇವು ಅಸಂಖ್ಯವಾಗಿರುತ್ತವೆ. ಬಹುಪಾಲು ಡಯಾಟಮುಗಳ ಉದ್ದ ಕೆಲವು ಮೈಕ್ರಾನುಗಳಿಂದ ಸುಮಾರು ೨೦೦ ಮೈಕ್ರಾನುಗಳವರೆಗೆ. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇವುಗಳ ವೈಶಿಷ್ಟ್ಯವೆಂದರೆ ಸಿಲಿಕದಿಂದಾದ ಗಾಜಿನಂಥ ಚಿಪ್ಪು. ಈ ಚಿಪ್ಪು ಡಬ್ಬಿ ಮತ್ತು ಮುಚ್ಚಳದಂತೆ ಎರಡು ಭಾಗಗಳಾಗಿದ್ದು, ಒಂದು ಇನ್ನೊಂದರ ಮೇಲೆ ಕುಳಿತಿರುತ್ತದೆ. ಅದರ ಮೇಲಿನ ಗೆರೆಗಳ ಸಾಲು, ರಂಧ್ರಗಳ ಜೋಡಣೆ, ಹಲವು ಜಾತಿಗಳಲ್ಲಿ ನಡುವೆ ಹಾಯುವ ಸೀಳು — ಇವೇ ನಿರ್ಣಯಕ್ಕೆ ಆಧಾರವಾದ ಲಕ್ಷಣಗಳು. ಹತ್ತು ಮೈಕ್ರಾನುಗಳ ಅಂತರದಲ್ಲಿ ಎಷ್ಟು ಗೆರೆಗಳಿವೆಯೆಂದು ಎಣಿಸುವುದು ಇಂದಿಗೂ ನಡೆದುಬಂದಿರುವ ಪದ್ಧತಿ.

ರೂಪವನ್ನು ನಂಬುವವರಿಗೆ ಮೊದಲ ತೊಡಕು ಈ ಡಬ್ಬಿಯಿಂದಲೇ ಬರುತ್ತದೆ. ಕೋಶ ಎರಡಾಗಿ ಒಡೆದಾಗ ಪ್ರತಿಯೊಂದು ಮರಿಕೋಶಕ್ಕೂ ತಾಯಿಯ ಒಂದೊಂದು ಭಾಗ ದೊರೆಯುತ್ತದೆ. ಮರಿಯು ತನಗೆ ಬಂದುದನ್ನು ಮುಚ್ಚಳವಾಗಿಟ್ಟುಕೊಂಡು, ಅದರೊಳಗೆ ಹಿಡಿಯುವಂಥ ಹೊಸ ತಳವನ್ನು ಕಟ್ಟಿಕೊಳ್ಳುತ್ತದೆ. ಆದಕಾರಣ ತಾಯಿಯ ತಳವನ್ನು ಪಡೆದ ಮರಿ ತಾಯಿಗಿಂತ ಕೊಂಚ ಚಿಕ್ಕದು. ತಲೆಮಾರು ಕಳೆದಂತೆ ಗಾತ್ರ ಇಳಿಯುತ್ತ ಹೋಗುತ್ತದೆ. ಲೈಂಗಿಕ ಸಂಯೋಗವಾದ ಮೇಲೆ ಮಾತ್ರ ಮತ್ತೆ ಪೂರ್ಣ ಗಾತ್ರದ ಕೋಶ ಹುಟ್ಟುತ್ತದೆ. ೧೮೬೯ರಲ್ಲಿ ಮ್ಯಾಕ್‌ಡೊನಾಲ್ಡ್ ಮತ್ತು ಫಿಟ್ಜರ್ ಇದನ್ನು ಪ್ರತ್ಯೇಕವಾಗಿ ವಿವರಿಸಿದರು. ಗಾತ್ರ ಇಳಿದಂತೆ ಆಕಾರವೂ ಬದಲಾಗುವುದುಂಟು: ಉದ್ದನೆಯ ದೋಣಿಯಂತಿದ್ದುದು ಕೊನೆಗೆ ಮೊಟ್ಟೆಯಂತಾಗಬಹುದು. ಒಬ್ಬನೇ ಅರಸನ ಯೌವನದ ಚಿತ್ರವನ್ನೂ ಮುಪ್ಪಿನ ಚಿತ್ರವನ್ನೂ ನೋಡಿ ಇಬ್ಬರು ಅರಸರೆಂದು ಬರೆಯುವ ಚರಿತ್ರಕಾರನ ಪ್ರಮಾದ ಇಲ್ಲಿ ಸುಲಭವಾಗಿ ಸಂಭವಿಸುತ್ತದೆ.

೩

ಕರ್ನಾಟಕದ ಡಯಾಟಮುಗಳ ಚರಿತ್ರೆಯಲ್ಲಿ ಎಚ್. ಪಿ. ಗಾಂಧಿಯವರ ಹೆಸರು ಅಗ್ರಗಣ್ಯವಾದುದು. ಮುಂಬಯಿ, ಕೊಲ್ಲಾಪುರ, ಅಹಮದಾಬಾದ್ ಮೊದಲಾದ ಕಡೆಗಳ ನೀರನ್ನು ಶೋಧಿಸಿದ ಈ ವಿದ್ವಾಂಸರು ನಮ್ಮ ನಾಡಿನ ಶರಾವತಿ ಕಣಿವೆಯನ್ನೂ ಬಿಡಲಿಲ್ಲ. ೧೯೫೭ರಲ್ಲಿ ಗೇರುಸೊಪ್ಪೆಯ ಜಲಪಾತದ, ಎಂದರೆ ಜೋಗದ, ಸಾಮಾನ್ಯ ಡಯಾಟಮುಗಳನ್ನು ಕುರಿತೂ, ೧೯೫೮ರಲ್ಲಿ ಹಿರೇಭಾಸ್ಕರ ಅಣೆಕಟ್ಟಿನ ಪ್ರದೇಶವನ್ನು ಕುರಿತೂ, ೧೯೫೯ರಲ್ಲಿ ಸಾಗರವನ್ನು ಕುರಿತೂ ಅವರ ಲೇಖನಗಳು ಪ್ರಕಟವಾದವು. ೧೯೬೬ರಲ್ಲಿ ‘ನೋವಾ ಹೆಡ್ವಿಗಿಯ’ ಪತ್ರಿಕೆಯಲ್ಲಿ ಜೋಗದ ಡಯಾಟಮುಗಳ ವಿಸ್ತಾರವಾದ ವಿವರಣೆ ನೂರು ಪುಟಗಳನ್ನು ಮೀರಿ ಬಂದಿತು. ಈ ಒಂದು ಕಣಿವೆಗೆ ಇಷ್ಟು ಶ್ರಮವನ್ನು ವ್ಯಯಿಸಿದವರು ಅವರ ಕಾಲದಲ್ಲಿ ಬೇರೊಬ್ಬರಿರಲಿಲ್ಲ.

ಆದರೆ ಗುಣಗ್ರಹಣದೊಡನೆ ವಿಮರ್ಶೆಯೂ ನಡೆಯಬೇಕು. ಗಾಂಧಿಯವರ ಉಪಕರಣ ಬೆಳಕಿನ ಸೂಕ್ಷ್ಮದರ್ಶಕ. ಬೆಳಕಿನ ಸ್ವಭಾವದಿಂದಲೇ ಅದಕ್ಕೆ ಒಂದು ಎಲ್ಲೆಯುಂಟು, ಸುಮಾರು ೦.೨ ಮೈಕ್ರಾನಿಗಿಂತ ಹತ್ತಿರವಿರುವ ಎರಡು ಬಿಂದುಗಳು ಅದಕ್ಕೆ ಒಂದಾಗಿಯೇ ಕಾಣುತ್ತವೆ. ಚಿಪ್ಪಿನ ರಂಧ್ರಗಳ ಒಳರಚನೆಯನ್ನು ತೋರಿಸಬಲ್ಲ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮಾರಾಟಕ್ಕೆ ಬಂದುದು ೧೯೬೫ರಲ್ಲಿ. ಆದಕಾರಣ ಆ ಲಕ್ಷಣಗಳನ್ನು ಅವರು ಕಾಣಲಿಲ್ಲವೆಂದು ದೂಷಿಸುವುದು ಕಾಲವಿಪರ್ಯಾಸವಾದೀತು. ಎರಡನೆಯ ತೊಡಕು ಇದಕ್ಕಿಂತ ಗಂಭೀರವಾದುದು. ಆ ಕಾಲದ ಭಾರತೀಯ ವಿದ್ವಾಂಸನ ಮೇಜಿನ ಮೇಲಿದ್ದ ಪ್ರಮಾಣಗ್ರಂಥಗಳು ಯೂರೋಪಿನವು. ೧೯೩೦ರಲ್ಲಿ ಜರ್ಮನಿಯ ಹುಸ್ಟೆಟ್ ಬರೆದ ಮಧ್ಯಯೂರೋಪಿನ ಸಿಹಿನೀರಿನ ಡಯಾಟಮುಗಳ ಗ್ರಂಥ ಅವುಗಳಲ್ಲಿ ಮುಖ್ಯವಾದುದು. ಅಲ್ಲಿಯ ಚಿತ್ರಕ್ಕೆ ನಮ್ಮ ಹಳ್ಳದ ಜೀವಿ ಹೆಚ್ಚುಕಡಿಮೆ ಹೋಲಿದಾಗ ಅಲ್ಲಿಯ ಹೆಸರನ್ನೇ ಇಲ್ಲಿಗೂ ಕೊಡುವುದು ಸಹಜವಾಗಿದ್ದಿತು. ಸೂಕ್ಷ್ಮಜೀವಿಗಳು ಎಲ್ಲೆಡೆಯಲ್ಲಿಯೂ ಒಂದೇ ಎಂಬ ನಂಬಿಕೆ ಇದಕ್ಕೆ ಬೆಂಬಲವಾಗಿದ್ದಿತು. ಹೀಗೆ ಸಹ್ಯಾದ್ರಿಯ ನೀರಿಗೆ ರೈನ್ ನದಿಯ ನಾಮಾವಳಿ ಅಂಟಿಕೊಂಡಿತು.

ಈ ನಾಮಾವಳಿಯ ಪುನರ್ವಿಚಾರ ಇತ್ತೀಚಿನದು. ೨೦೧೧ರಲ್ಲಿ ಕಾರ್ತಿಕ್, ಕೊಸಿಯೊಲೆಕ್, ಮಹೇಶ್ ಮತ್ತು ರಾಮಚಂದ್ರ ಅವರು ಭಾರತದ ಗೊಂಫೊನೆಮ ಜಾತಿಯ ಪಟ್ಟಿಯನ್ನು ಸಿದ್ಧಪಡಿಸಿ, ಮೂರು ಹೊಸ ಪ್ರಭೇದಗಳನ್ನು ವಿವರಿಸಿದರು. ೨೦೧೨ರಲ್ಲಿ ಕಾರ್ತಿಕ್ ಮತ್ತು ಕೊಸಿಯೊಲೆಕ್ ಅವರು ಗಾಂಧಿಯವರು ಕೊಲ್ಲಾಪುರದಿಂದ ವರದಿಮಾಡಿದ್ದ ಗೊಂಫೊನೆಮಗಳನ್ನೇ ಮರುಪರೀಕ್ಷೆಗೆ ಒಳಪಡಿಸಿದರು. ಹೆಸರುಗಳ ನಿರ್ಣಯ, ಮಾದರಿಗಳ ನಿಶ್ಚಯ, ಭೌಗೋಳಿಕ ಹಂಚಿಕೆ ಎಂಬ ಮೂರು ಮುಖಗಳಲ್ಲಿ ಆ ವಿಚಾರ ನಡೆಯಿತು. ಗೊಂಫೊನೆಮ ಗಾಂಧಿಯಿ ಎಂಬ ಪ್ರಭೇದ ಆ ಹಿರಿಯರ ಹೆಸರನ್ನೇ ಹೊತ್ತಿದೆ. ಪೂರ್ವಸೂರಿಯನ್ನು ತಿದ್ದುತ್ತಲೇ ಗೌರವಿಸಿದ ಈ ರೀತಿ ಇತಿಹಾಸದ ವಿದ್ಯಾರ್ಥಿಗಳಿಗೂ ಅನುಕರಣೀಯವಾದುದು. ೨೦೧೩ರಲ್ಲಿ ಗುಬ್ಬಿಯಿಂದ ಪ್ರಕಟವಾದ ದಕ್ಷಿಣ ಭಾರತದ ಸಾಮಾನ್ಯ ಡಯಾಟಮುಗಳ ಸಚಿತ್ರ ಕೈಪಿಡಿಯೂ ಇದೇ ಪರಿಶ್ರಮದ ಫಲ. ಪರದೇಶದ ಚಿತ್ರಗಳ ಬದಲು ನಮ್ಮ ನೀರಿನ ಚಿತ್ರಗಳನ್ನೇ ವಿದ್ಯಾರ್ಥಿಯ ಕೈಗೆ ಕೊಟ್ಟುದು ಅದರ ಉಪಕಾರ. ತಿಳಿದುದನ್ನು ಗುರುತಿಸಲು ಅದು ಸಾಕು. ತಿಳಿಯದುದನ್ನು ಹೊಸದೆಂದು ಸಾರಲು ಕೈಪಿಡಿಯೊಂದೇ ಸಾಲದೆಂಬುದನ್ನು ಅಧ್ಯಾಪಕರು ನೆನಪಿಡಬೇಕು.

೪

ಇನ್ನು ವಂಶವಾಹಿಯ ವಿಚಾರ. ಒಂದೇ ರೂಪದ ಹಿಂದೆ ಹಲವು ಪ್ರಭೇದಗಳು ಅಡಗಿರಬಹುದೆಂಬುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದುದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಬ್ಲ್ಯಾಕ್‌ಫರ್ಡ್ ಕೊಳ. ಅಲ್ಲಿಯ ಸೆಲ್ಲಫೊರ ಪ್ಯೂಪುಲ ಎಂಬ ಡಯಾಟಮನ್ನು ಡೇವಿಡ್ ಮನ್ ಅವರು ಹಲವು ವರ್ಷಗಳ ಕಾಲ ಪರಿಶೀಲಿಸಿದರು. ಒಂದೇ ಪ್ರಭೇದವೆನಿಸಿಕೊಂಡ ಅದರಲ್ಲಿ ಆಕಾರದ ಸಣ್ಣ ವ್ಯತ್ಯಾಸಗಳುಳ್ಳ ಗುಂಪುಗಳು ಅವರಿಗೆ ಕಂಡವು. ಈ ವ್ಯತ್ಯಾಸ ವಯಸ್ಸಿನದೋ ವಂಶದ್ದೋ ಎಂದು ತಿಳಿಯಲು ಅವುಗಳ ನಡುವೆ ಸಂಯೋಗವಾಗುವುದೇ ಎಂದು ಪರೀಕ್ಷಿಸಲಾಯಿತು. ೨೦೦೪ರಲ್ಲಿ ಮನ್ ಮತ್ತು ಸಂಗಡಿಗರು ಆಕಾರದ ಅಳತೆ, ಚಿಪ್ಪಿನ ಸೂಕ್ಷ್ಮರಚನೆ, ಸಂಯೋಗದ ಫಲಿತಾಂಶ ಈ ಮೂರರ ಬಲದಿಂದ ಐದು ಹೊಸ ಪ್ರಭೇದಗಳನ್ನು ಹೆಸರಿಸಿದರು. ಅನಂತರ ೨೦೦೭ರಲ್ಲಿ ಇವಾನ್ಸ್, ವರ್ಟ್ಲಿ ಮತ್ತು ಮನ್ ಅವರು ಇದೇ ಜಾತಿಯಲ್ಲಿ ನಾಲ್ಕು ಬಗೆಯ ವಂಶವಾಹಿಗಳನ್ನು ಹೋಲಿಸಿ, ಯಾವುದು ಗುರುತಿಗೆ ಹೆಚ್ಚು ಉಪಯುಕ್ತವೆಂದು ವಿಚಾರಿಸಿದರು.

ಇಲ್ಲಿ ಕ್ರಮವನ್ನು ಗಮನಿಸಬೇಕು. ಮೊದಲು ಕಣ್ಣು ವ್ಯತ್ಯಾಸವನ್ನು ಕಂಡಿತು. ಅನಂತರ ಸಂಯೋಗದ ಪರೀಕ್ಷೆ ಅದಕ್ಕೆ ಅರ್ಥ ಕೊಟ್ಟಿತು. ವಂಶವಾಹಿ ಅದನ್ನು ಬೇರೊಂದು ಮಾರ್ಗದಿಂದ ಒರೆಗೆ ಹಚ್ಚಿತು. ಹೊಸ ವಿಧಾನ ಹಳೆಯದನ್ನು ಅಲ್ಲಗಳೆದ ಕಥೆಯೆಂದು ಇದನ್ನು ಓದಲಾಗದು. ಪರಸ್ಪರ ಅವಲಂಬನವಿಲ್ಲದ ಸಾಕ್ಷಿಗಳು ಒಂದೇ ಮಾತನ್ನು ಹೇಳಿದಾಗ ನಂಬಿಕೆ ಬಲಿಯುತ್ತದೆಂಬ ಹಳೆಯ ನ್ಯಾಯದ ಕಥೆ ಇದು.

ನಮ್ಮ ಕೆರೆಗಳಿಗೆ ಹೆಚ್ಚು ಹತ್ತಿರವಾದ ಇನ್ನೊಂದು ನಿದರ್ಶನವುಂಟು. ಗೊಂಫೊನೆಮ ಪಾರ್ವುಲಮ್ ಎಂಬ ಡಯಾಟಮ್ ಲೋಕದ ಎಲ್ಲ ಭಾಗಗಳಲ್ಲಿಯೂ ಇರುವುದೆಂದು ಪ್ರಸಿದ್ಧಿ. ಕೊಳಕು ನೀರನ್ನು ಸಹಿಸುವ ಇದನ್ನು ಜಲಮಾಲಿನ್ಯದ ಸೂಚಕವಾಗಿ ಎಣಿಸುವ ರೂಢಿಯಿದೆ. ೨೦೧೪ರಲ್ಲಿ ಅಬಾರ್ಕ ಮತ್ತು ಸಂಗಡಿಗರು ಬೇರೆಬೇರೆ ಭೂಭಾಗಗಳಿಂದ ತಂದ ಈ ಡಯಾಟಮನ್ನು ರೂಪದಿಂದಲೂ ವಂಶವಾಹಿಗಳಿಂದಲೂ ಪರೀಕ್ಷಿಸಿ, ಈ ಒಂದು ಹೆಸರಿನಡಿಯಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಸೇರಿಕೊಂಡಿವೆಯೆಂದು ತೋರಿಸಿದರು. ಇದು ಹೆಸರಿನ ಮೇಲಿನ ಪಂಡಿತರ ಜಗಳವೆಂದು ತಳ್ಳಿಹಾಕುವಂತಿಲ್ಲ. ಯೂರೋಪಿನ ಪ್ರಭೇದದ ಸಹನಶಕ್ತಿಯನ್ನು ಆಧರಿಸಿ ರಚಿಸಿದ ಕೋಷ್ಟಕದಿಂದ ನಮ್ಮ ಕೆರೆಯ ನೀರನ್ನು ಅಳೆಯುವಾಗ, ಹೆಸರು ತಪ್ಪಿದರೆ ಅಳತೆಯೂ ತಪ್ಪುತ್ತದೆ. ಕುಡಿಯುವ ನೀರಿನ ವಿಷಯದಲ್ಲಿ ಈ ತಪ್ಪಿನ ಬೆಲೆಯನ್ನು ತೆರುವವರು ಊರ ಜನ.

ಹಾಗೆಂದು ವಂಶವಾಹಿಯನ್ನು ಸರ್ವಜ್ಞನೆಂದು ಕೂರಿಸುವುದೂ ಸರಿಯಲ್ಲ. ಎರಡು ಜೀವಿಗಳ ವಂಶವಾಹಿಗಳಲ್ಲಿ ಎಷ್ಟು ಅಕ್ಷರಗಳ ವ್ಯತ್ಯಾಸವಿದ್ದರೆ ಎರಡು ಪ್ರಭೇದಗಳೆನ್ನಬೇಕು? ಎಲ್ಲ ಜಾತಿಗಳಿಗೂ ಸಲ್ಲುವ ಒಂದು ಸಂಖ್ಯೆ ಇಲ್ಲ. ಹಸುರುಕಣದ ಆರ್‌ಬಿಸಿಎಲ್ ಎಂಬ ವಂಶವಾಹಿ ಒಂದು ಬಗೆಯಾಗಿ ವಿಂಗಡಿಸಿದುದನ್ನು ಬೇರೊಂದು ವಂಶವಾಹಿ ಬೇರೆ ಬಗೆಯಾಗಿ ವಿಂಗಡಿಸಬಹುದು. ಜೊತೆಗೆ, ಓದಿದ ವಂಶವಾಹಿಗೆ ಹೆಸರನ್ನು ಕೊಡುವುದು ಯಂತ್ರವಲ್ಲ, ಮನುಷ್ಯ. ಸಾರ್ವಜನಿಕ ಭಂಡಾರಕ್ಕೆ ತಪ್ಪು ಹೆಸರಿನಲ್ಲಿ ಸೇರಿದ ಒಂದು ಬರಹ, ಅದನ್ನು ನೋಡಿ ಹೆಸರಿಟ್ಟ ಎಲ್ಲ ಬರಹಗಳಿಗೂ ತನ್ನ ದೋಷವನ್ನು ಹಂಚುತ್ತದೆ. ಹಸ್ತಪ್ರತಿಗಳ ಸಂಪಾದಕರಿಗೆ ಈ ವ್ಯಾಧಿ ಹೊಸದಲ್ಲ: ಲಿಪಿಕಾರನೊಬ್ಬನ ತಪ್ಪು ಅವನ ಪ್ರತಿಯಿಂದ ಇಳಿದ ಎಲ್ಲ ಪ್ರತಿಗಳಲ್ಲಿಯೂ ಮುಂದುವರಿಯುತ್ತದೆ.

೫

ಈಗ ನಮ್ಮ ಮುಖ್ಯ ವಾದಕ್ಕೆ ಬರೋಣ. ಚಿಪ್ಪಿನ ಗೆರೆಗಳು ಸ್ಪಷ್ಟವಾಗಿ ಕಾಣಬೇಕಾದರೆ ಕೋಶದೊಳಗಿನ ಜೀವದ್ರವ್ಯವನ್ನೆಲ್ಲ ಸುಟ್ಟು ತೆಗೆಯಬೇಕು. ಇದಕ್ಕಾಗಿ ಮಾದರಿಯನ್ನು ನೈಟ್ರಿಕ್ ಆಮ್ಲದಲ್ಲಿಯೋ ಹೈಡ್ರೋಜನ್ ಪೆರಾಕ್ಸೈಡಿನಲ್ಲಿಯೋ ಕಾಯಿಸುತ್ತಾರೆ. ಸಿಲಿಕ ಉಳಿಯುತ್ತದೆ, ಉಳಿದುದೆಲ್ಲ ಹೋಗುತ್ತದೆ. ಹೋಗುವುದರಲ್ಲಿ ವಂಶವಾಹಿಯೂ ಸೇರಿದೆ. ರೂಪವನ್ನು ಓದಲು ಮಾಡುವ ಸಂಸ್ಕಾರವೇ ವಂಶವನ್ನು ಅಳಿಸುತ್ತದೆ. ಆದಕಾರಣ ಆಮ್ಲದಲ್ಲಿ ತೊಳೆದ ಒಂದೇ ಕೋಶದಿಂದ ಎರಡು ಸಾಕ್ಷ್ಯಗಳೂ ದೊರೆಯವು. ವಿದ್ವಾಂಸರು ಇದಕ್ಕೆ ಕಂಡುಕೊಂಡಿರುವ ಉಪಾಯವೆಂದರೆ, ಒಂದೇ ಕೋಶವನ್ನು ಬೇರ್ಪಡಿಸಿ, ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅದರ ಸಂತತಿಯ ಒಂದು ಪಾಲನ್ನು ಆಮ್ಲಕ್ಕೂ ಇನ್ನೊಂದು ಪಾಲನ್ನು ವಂಶವಾಹಿಯ ಪರೀಕ್ಷೆಗೂ ಕೊಡುವುದು. ಈ ಎರಡು ಪಾಲುಗಳೂ ಒಂದೇ ತಾಯಿಯವೆಂಬುದಕ್ಕೆ ಇರುವ ಪ್ರಮಾಣ ಸೀಸೆಯ ಮೇಲಿನ ಚೀಟಿ ಮಾತ್ರ. ಇಷ್ಟು ಸೂಕ್ಷ್ಮವಾದ ವಿಜ್ಞಾನ ಕೊನೆಗೆ ಒಂದು ಚೀಟಿಯ ಪ್ರಾಮಾಣಿಕತೆಯ ಮೇಲೆ ನಿಂತಿದೆ.

ಇದರಿಂದ ಹಳೆಯ ಸಂಗ್ರಹಗಳ ಬಗೆಗೆ ಒಂದು ಸಿದ್ಧಾಂತ ಹೊರಡುತ್ತದೆ. ಆಮ್ಲದಲ್ಲಿ ತೊಳೆದು ಸಿದ್ಧಪಡಿಸಿದ ಗಾಜಿನ ಪಟ್ಟಿ ಎಷ್ಟು ಜೋಪಾನವಾಗಿ ಉಳಿದಿದ್ದರೂ ಅದರಿಂದ ವಂಶವಾಹಿಯನ್ನು ಓದಲು ಬರುವುದಿಲ್ಲ. ಗಾಂಧಿಯವರು ಹೆಸರಿಸಿದ ಪ್ರಭೇದದ ವಂಶವಾಹಿ ಬೇಕೆಂದರೆ ಅವರು ನೀರು ತೆಗೆದ ಸ್ಥಳಕ್ಕೇ ಹೋಗಿ ಹೊಸ ಮಾದರಿಯನ್ನು ತರಬೇಕು. ಅದನ್ನು ಅವರ ಪಟ್ಟಿಯೊಡನೆ, ಚಿತ್ರದೊಡನೆ ರೂಪದಿಂದಲೇ ಹೋಲಿಸಬೇಕು. ಹಳೆಯ ಹೆಸರಿಗೂ ಹೊಸ ವಂಶವಾಹಿಗೂ ನಡುವಣ ಸೇತುವೆ ರೂಪವೇ. ಆ ಸೇತುವೆಯ ಒಂದು ತುದಿ ಸ್ಥಳ.

ಸ್ಥಳವೇ ಇಲ್ಲವಾದರೆ? ೧೯೫೮ರ ಲೇಖನದ ಹಿರೇಭಾಸ್ಕರ ಅಣೆಕಟ್ಟು ೧೯೪೦ರ ದಶಕದಲ್ಲಿ ಶರಾವತಿಗೆ ಅಡ್ಡಲಾಗಿ ಮಡೇನೂರಿನ ಬಳಿ ಎದ್ದುದು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಅದು ತನ್ನ ಸುತ್ತಣ ನೆಲದೊಡನೆ ಹೊಸ ಜಲಾಶಯದಲ್ಲಿ ಮುಳುಗಿತು. ಬೇಸಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಮಾತ್ರ ಅದರ ಕಟ್ಟಡ ಹೊರಗೆ ಕಾಣಿಸಿಕೊಳ್ಳುತ್ತದೆ. ಲೇಖನ ಪ್ರಕಟವಾದ ಆರೇ ವರ್ಷಗಳಲ್ಲಿ ಲೇಖನದ ಪ್ರದೇಶ ನೀರಿನಡಿಗೆ ಸೇರಿತು. ಅಲ್ಲಿ ಇಂದು ನೀರಿಲ್ಲವೆಂದಲ್ಲ. ಆದರೆ ಆ ನೀರಿನ ಆಳ, ಹರಿವು, ದಡ, ಕಲ್ಲು ಯಾವುವೂ ಅಂದಿನವಲ್ಲ. ಇಂಥ ಪ್ರದೇಶದಿಂದ ಹೊರಟ ಹೆಸರಿಗೆ ಅಂದಿನ ಮಾದರಿ ಮತ್ತು ಅಂದಿನ ಬರಹ ಇವೇ ಮೂಲಪ್ರಮಾಣ. ಜಲಾಶಯಗಳೂ ಕೈಗಾರಿಕೆಗಳೂ ಊರುಗಳೂ ನೀರಿನ ಮುಖವನ್ನು ಬದಲಿಸುತ್ತಿರುವ ನಾಡಿನಲ್ಲಿ ಮಾದರಿಯನ್ನು ಕಾದಿಡದೆ ಹೆಸರನ್ನು ಮಾತ್ರ ಪ್ರಕಟಿಸುವುದು, ಶಾಸನದ ಅಚ್ಚು ತೆಗೆಯದೆ ಕಲ್ಲನ್ನು ನೀರಿಗೆ ಬಿಟ್ಟಂತೆ.

ನಾಮಕರಣದ ಅಂತರರಾಷ್ಟ್ರೀಯ ನಿಯಮಗಳು ಈ ಮಾತನ್ನು ಒಪ್ಪಿವೆ. ೧೯೫೮ನೆಯ ಜನವರಿ ೧ರಿಂದ ಮುಂದೆ ಪ್ರಕಟವಾಗುವ ಹೊಸ ಪ್ರಭೇದದ ಹೆಸರು ಸಲ್ಲಬೇಕಾದರೆ ಮೂಲಮಾದರಿಯನ್ನು ಸೂಚಿಸಿರಲೇಬೇಕು; ಪಾಚಿಗಳ ವಿಷಯದಲ್ಲಿ ಚಿತ್ರವೂ ಇರಬೇಕು. ೧೯೯೦ರಿಂದ ಮುಂದೆ ಆ ಮಾದರಿ ಯಾವ ಸಂಗ್ರಹಾಲಯದಲ್ಲಿದೆಯೆಂದೂ ಹೇಳಬೇಕು. ಗಾಂಧಿಯವರ ೧೯೫೭ರ ಲೇಖನ ಮೊದಲ ನಿಯಮಕ್ಕೆ ಹಿಂದಿನದು, ೧೯೫೯ರ ಮತ್ತು ೧೯೬೬ರ ಲೇಖನಗಳು ಮುಂದಿನವು. ಒಬ್ಬರೇ ವಿದ್ವಾಂಸರು ಒಂದೇ ಕಣಿವೆಯನ್ನು ಕುರಿತು ಬರೆದುದನ್ನು ಎರಡು ಕಾಲದ ನಿಯಮಗಳಿಂದ ಅಳೆಯಬೇಕಾಗಿದೆಯೆಂಬುದನ್ನು ವಿಮರ್ಶಕರು ಮರೆಯಬಾರದು. ಡಯಾಟಮಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಒಂದೇ ಗಾಜಿನ ಪಟ್ಟಿಯ ಮೇಲೆ ಹತ್ತಾರು ಪ್ರಭೇದಗಳ ಸಾವಿರಾರು ಚಿಪ್ಪುಗಳಿರುತ್ತವೆ. ಅವುಗಳಲ್ಲಿ ಯಾವ ಚಿಪ್ಪು ಹೆಸರಿನ ಒಡೆಯನೆಂದು ವೃತ್ತ ಬರೆದು ಗುರುತಿಸದಿದ್ದರೆ, ಪಟ್ಟಿ ಇದ್ದೂ ಇಲ್ಲದಂತೆಯೇ.

ನಮ್ಮ ಭಾಗದ ಶಾಸನಗಳ ಚರಿತ್ರೆ ಇಲ್ಲಿ ಸಹಜವಾಗಿ ನೆನಪಾಗುತ್ತದೆ. ಪುಲಿಗೆರೆಯೆಂದು ಹಿಂದೆ ಪ್ರಸಿದ್ಧವಾಗಿದ್ದ ಲಕ್ಷ್ಮೇಶ್ವರದ ಶಿಲೆಯೊಂದರಲ್ಲಿ ಬಾದಾಮಿಯ ಚಲುಕ್ಯ ಅರಸರ ದಾನಗಳು ಕೊರೆದಿವೆ. ಅಕ್ಷರಗಳಾದರೋ ಆ ಅರಸರಿಗಿಂತ ಬಹಳ ಈಚಿನವು. ಲಿಪಿಯ ಈ ವಿಸಂಗತಿಯನ್ನು ಎತ್ತಿ ತೋರಿಸಿದವರು ಜೆ. ಎಫ್. ಫ್ಲೀಟ್. ಗಂಗರ ತಾಮ್ರಪಟಗಳ ವಿಷಯದಲ್ಲಿ ಅವರಿಗೂ ಬಿ. ಎಲ್. ರೈಸ್ ಅವರಿಗೂ ನಡೆದ ದೀರ್ಘವಾದ ವಾದವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಅಕ್ಷರದ ರೂಪ ಒಂದು ಹೇಳಿದರೆ, ಪಠ್ಯದೊಳಗಿನ ವಂಶಾವಳಿ ಇನ್ನೊಂದು ಹೇಳುತ್ತಿದ್ದಿತು. ಈ ಹೋಲಿಕೆಯನ್ನು ಎಳೆದು ಹಿಗ್ಗಿಸಬಾರದು. ತಾಮ್ರಪಟದ ವಂಶಾವಳಿಯನ್ನು ಕೂಟಕಾರನು ಕಲ್ಪಿಸಬಲ್ಲನು, ಕೋಶದ ವಂಶಾವಳಿಯನ್ನು ಯಾರೂ ಕಲ್ಪಿಸಿ ಬರೆದುದಲ್ಲ. ಆದರೂ ಒಂದು ಪಾಠ ಎರಡಕ್ಕೂ ಸಮಾನ. ಆ ವಾದ ಸಾಧ್ಯವಾದುದು ಕಲ್ಲೂ ತಾಮ್ರವೂ ಉಳಿದಿದ್ದುದರಿಂದ. ವಸ್ತು ಉಳಿದಿದ್ದರೆ ತಪ್ಪು ನಿರ್ಣಯವನ್ನು ಮುಂದಿನವರು ತಿದ್ದಬಲ್ಲರು. ವಸ್ತು ಅಳಿದರೆ ಸರಿಯಾದ ನಿರ್ಣಯವನ್ನೂ ನಂಬಿಸಲು ಸಾಧ್ಯವಾಗದು.

೬

ಈ ವಿಚಾರ ಶಿರಹಟ್ಟಿಯ ಸೀಮೆಗೆ ದೂರದ್ದಲ್ಲ. ಈ ತಾಲ್ಲೂಕಿನ ಮಾಗಡಿ ಕೆರೆ ೨೦೨೪ರಲ್ಲಿ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ತ್ವದ ಜಲಭೂಮಿಯೆನಿಸಿತು. ಮಳೆಯ ನೀರನ್ನು ಬೇಸಾಯಕ್ಕಾಗಿ ಹಿಡಿದಿಡಲು ಜನ ಕಟ್ಟಿದ ಕೆರೆ ಇದು. ಸಂರಕ್ಷಿತ ಪ್ರದೇಶ ಸುಮಾರು ೫೪ ಹೆಕ್ಟೇರು. ಚಳಿಗಾಲದಲ್ಲಿ ಹಿಮಾಲಯದಾಚೆಯ ನಾಡುಗಳಿಂದ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿಗೆ ಸಾವಿರಗಟ್ಟಲೆ ಬರುತ್ತವೆ. ಸುತ್ತಣ ಹೊಲಗಳಿಂದ ಹರಿದುಬರುವ ನೀರು ಕೆರೆಯನ್ನು ಕೆಡಿಸುತ್ತದೆಂಬುದೂ ತಿಳಿದ ಸಂಗತಿಯೇ. ಹಕ್ಕಿಯ ಕಾಲಿಗೆ ಹತ್ತಿದ ಕೆಸರು ಬೀಜಗಳನ್ನು ದೂರದೂರಕ್ಕೆ ಒಯ್ಯಬಲ್ಲುದೆಂದು ಡಾರ್ವಿನ್ ೧೮೫೯ರಲ್ಲಿಯೇ ವಿಚಾರಿಸಿದ್ದನು. ಹೀಗಿರುವಲ್ಲಿ ಮಾಗಡಿಯ ಕಲ್ಲಿಗೆ ಅಂಟಿದ ಡಯಾಟಮ್ ಈ ನೆಲದ್ದೋ, ಹಕ್ಕಿಯೊಡನೆ ಬಂದುದೋ, ಯೂರೋಪಿನ ಹೆಸರು ಅದಕ್ಕೆ ಸಲ್ಲುವುದೋ ಎಂಬ ಪ್ರಶ್ನೆಗಳಿಗೆ ರೂಪವೊಂದೇ ಉತ್ತರ ಕೊಡಲಾರದು. ರೂಪವನ್ನು ಬಿಟ್ಟ ವಂಶವಾಹಿಯೂ ಕೊಡಲಾರದು.

ವಂಶವಾಹಿಯನ್ನು ಓದುವ ಯಂತ್ರ ನಮ್ಮ ಕಾಲೇಜುಗಳಲ್ಲಿ ಇಲ್ಲವೆಂದು ಕೈಕಟ್ಟಿ ಕುಳಿತುಕೊಳ್ಳಲು ಕಾರಣವಿಲ್ಲ. ಮಾದರಿಯನ್ನು ಕಾದಿಡುವ ಕೆಲಸಕ್ಕೆ ಯಂತ್ರ ಬೇಡ. ಒಂದೇ ಕಲ್ಲಿನಿಂದ ತೆಗೆದ ಲೋಳೆಯನ್ನು ಎರಡು ಪಾಲು ಮಾಡಿ, ಒಂದನ್ನು ಆಮ್ಲದಲ್ಲಿ ತೊಳೆದು ಪಟ್ಟಿಯಾಗಿ ಸಿದ್ಧಪಡಿಸಬಹುದು. ಇನ್ನೊಂದನ್ನು ಶುದ್ಧ ಮದ್ಯಸಾರದಲ್ಲಿ ಇಡಬಹುದು. ವಂಶವಾಹಿಯನ್ನು ಹಾಳುಮಾಡುವ ಫಾರ್ಮಲಿನ್ನನ್ನು ಈ ಎರಡನೆಯ ಪಾಲಿಗೆ ಬಳಸಬಾರದು. ಕೆರೆಯ ಯಾವ ದಡ, ಯಾವ ದಿನ, ನೀರಿನ ಆಳವೆಷ್ಟು, ತೆಗೆದುದು ಕಲ್ಲಿನಿಂದಲೋ ಜೊಂಡಿನಿಂದಲೋ ಎಂಬುದನ್ನು ಸೀಸೆಯ ಮೇಲೂ ಪುಸ್ತಕದಲ್ಲಿಯೂ ಬರೆದಿಡಬೇಕು. ಹೊಸ ಪ್ರಭೇದವೆಂದು ನಿಶ್ಚಯವಾದಲ್ಲಿ ಅದರ ಮಾದರಿಯನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕೆಂದು ೨೦೦೨ರ ಜೈವಿಕ ವೈವಿಧ್ಯ ಅಧಿನಿಯಮದ ೩೯ನೆಯ ಪ್ರಕರಣ ವಿಧಿಸಿದೆ. ನಾಮಕರಣದ ನಿಯಮವೂ ದೇಶದ ಕಾಯಿದೆಯೂ ಈ ಒಂದು ಕಡೆ ಕೂಡಿ ನಿಂತಿವೆ.

ಒಟ್ಟಿನಲ್ಲಿ ನಮ್ಮ ನಿರ್ಣಯವಿಷ್ಟು. ರೂಪದ ಪಕ್ಷ ತನ್ನ ಕಣ್ಣಿನ ಮಿತಿಯನ್ನು ಒಪ್ಪಬೇಕು. ವಂಶವಾಹಿಯ ಪಕ್ಷ ತಾನು ಓದಿದ ಬರಹಕ್ಕೆ ಹೆಸರು ಎಲ್ಲಿಂದ ಬಂದಿತೆಂಬುದನ್ನು ತೋರಿಸಬೇಕು. ಇಬ್ಬರ ಮಾತಿಗೂ ಜಾಮೀನು ನಿಲ್ಲುವುದು ಕಾದಿಟ್ಟ ಮಾದರಿ. ಗಾಂಧಿಯವರ ಹೆಸರುಗಳನ್ನು ಅರ್ಧ ಶತಮಾನದ ಮೇಲೆ ತಿದ್ದಲು ಸಾಧ್ಯವಾದುದು ಅವರು ಊರನ್ನೂ ಆಕಾರವನ್ನೂ ಬರೆದಿಟ್ಟಿದ್ದರೆಂಬುದರಿಂದ. ನಾವು ಇಂದು ಕೊಡುವ ಹೆಸರುಗಳನ್ನೂ ಮುಂದಿನವರು ತಿದ್ದುವಂತಾಗಬೇಕು. ಸಸ್ಯಶಾಸ್ತ್ರದ ವಿಭಾಗಗಳು ತಮ್ಮ ಸುತ್ತಣ ಒಂದೊಂದು ಕೆರೆಯನ್ನಾದರೂ ಈ ಕ್ರಮದಲ್ಲಿ ಸಂಗ್ರಹಿಸಿ, ಅದರ ಪಟ್ಟಿಕೆಯನ್ನು ವರ್ಷವರ್ಷವೂ ಪ್ರಕಟಿಸುವುದು ಉಚಿತವೆಂದು ನಾವು ಸೂಚಿಸುತ್ತೇವೆ.